ಇಂಡಾಫ್‌ನಲ್ಲಿರುವ ‘ಆಫ್’ ಹುಡುಕುತ್ತಾ: ಆಫ್ರಿಕಾದ ಗೆಜೆಟ್ಟು, ಪೇಪರು ಸಿಗುವ ತಾಣಗಳ ರಿವ್ಯೂ

ನಮ್ಮ ಮನೆಯಲ್ಲಿ ‘ಇಂಡಾಫ್’ ಅನ್ನುವುದು ನೇಗಿಲು, ಕುಡುಗೋಲು ಅನ್ನುವಷ್ಟೇ ಮಾಮೂಲಿ ಪದ. ‘ಈ ಸಲ ಮೇಲಿನ ಹೊಲಕ್ಕೆ ಇಂಡಾಫೇ ಹಾಕಣ’ ಅಂತ ಅಪ್ಪ ಅನ್ನುತ್ತಿದ್ದರು. ಅದೊಂದು ರಾಗಿ ತಳಿ, ಅಷ್ಟು ಗೊತ್ತಿತ್ತು. ‘ಇಂಡ್’ ಅಂದರೆ ಇಂಡಿಯಾ, ‘ಆಫ್’ ಅಂದರೆ ಆಫ್ರಿಕಾ ಅಂತ ತಿಳಿದದ್ದು ಎಂ.ಎ. ಓದುವಾಗ. ಅದೂ ಕ್ಲಾಸಿನಲ್ಲಲ್ಲ, ಕ್ಯಾಂಟೀನಿನಲ್ಲಿ. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಬಂಧ ಕೂಡಿಸಿದ್ದರು. ಬೀಗರು ಯಾವ ದೇಶದವರು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ತಳಿಗಳ ಪಟ್ಟಿಯಲ್ಲಿ ಆ ಬೀಗರು ಬರೀ ನಂಬರ್ ಆಗಿ ಕೂತಿದ್ದಾರೆ. ‘ಐಇ’ ಅಂತ ಶುರುವಾಗುವ ಒಂದು ನಂಬರ್. ಆ ನಂಬರಿನ ಹಿಂದೆ ಯಾವ ಊರು, ಅಲ್ಲಿ ರಾಗಿಗೆ ಏನು ಬೆಲೆ, ಅಲ್ಲಿನ ಸರ್ಕಾರ ರಾಗಿಯನ್ನು ಹೇಗೆ ನೋಡಿಕೊಂಡಿತು? ಇದನ್ನೇ ಹಿಡಿದುಕೊಂಡು ಮೈಸೂರಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ವಾರಪೂರ್ತಿ ಮಂಡ್ಯದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಶನಿವಾರ ರೈಲು ಹತ್ತಿ ಮಾನಸಗಂಗೋತ್ರಿ. ನೈರೋಬಿಗೆ ಹೋಗಲು ದುಡ್ಡಿಲ್ಲ, ಲಂಡನ್ ಮಾತಂತೂ ಬೇಡ. ಇರುವುದು ಒಂದು ಹಳೇ ಲ್ಯಾಪ್‌ಟಾಪ್ ಮತ್ತು ಫೋನಿನ ಹಾಟ್‌ಸ್ಪಾಟ್. ಎರಡು ವರ್ಷ ಇವೆರಡರಲ್ಲೇ ಕೆನ್ಯಾ, ಉಗಾಂಡ ಸುತ್ತಿದ್ದೇನೆ. ಯಾವ ತಾಣ ಕೈ ಹಿಡಿಯಿತು, ಯಾವುದು ಕೈ ಕೊಟ್ಟಿತು ಅಂತ ಬರೆಯುತ್ತಿದ್ದೇನೆ. ಆಫ್ರಿಕಾದ ಬಗ್ಗೆ ಓದುವ ಕನ್ನಡದ ಹುಡುಗ ಹುಡುಗಿಯರು ಜಾಸ್ತಿ ಇಲ್ಲ. ಇರುವ ನಾಲ್ಕು ಜನಕ್ಕಾದರೂ ಆಗಲಿ.

ಯಾವುದೇ ಹೊಸ ತಾಣ ಸಿಕ್ಕರೆ ನಾನು ಎರಡು ಪರೀಕ್ಷೆ ಇಡುತ್ತೇನೆ. ಒಂದು, ರಾಗಿ ಸಿಗುತ್ತದಾ? ಎರಡು, 1972ರ ಆಗಸ್ಟ್ ಸಿಗುತ್ತದಾ? ಆ ತಿಂಗಳು ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ ದೇಶ ಬಿಡಿ ಅಂದ. ಆಗಸ್ಟ್ 4ರಂದು ಟೊರೊರೊದಲ್ಲಿ ಸೈನಿಕರ ಮುಂದೆ ಮಾಡಿದ ಭಾಷಣ. 90 ದಿನದ ಗಡುವು. ಮೊದಲು ಬ್ರಿಟಿಷ್ ಪಾಸ್‌ಪೋರ್ಟಿನವರು ಅಂದ. ಕೆಲವೇ ದಿನದಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದವರನ್ನೂ ಸೇರಿಸಿದ. ದಿನದಿನಕ್ಕೂ ಮಾತು ಬದಲಾದ ತಿಂಗಳು ಅದು. ಭಾಷಣದಲ್ಲಿ ಏನಂದ, ಕಾನೂನಿನಲ್ಲಿ ಏನು ಬರೆಸಿದ, ಪೇಪರಿನಲ್ಲಿ ಏನು ಬಂತು ಅಂತ ಬೇರೆ ಬೇರೆಯಾಗಿ ತೋರಿಸಿದರೆ ಆ ತಾಣಕ್ಕೆ ನನ್ನ ಕೈಯಲ್ಲಿ ಪಾಸು.

ಮೊದಲು ಗೆಜೆಟ್ಟು. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ, ಈಗಲೇ ಹೇಳಿಬಿಡುತ್ತೇನೆ.

‘ಗೆಜೆಟ್ಸ್ ಡಾಟ್ ಆಫ್ರಿಕಾ’ ಅಂತ ಒಂದು ತಾಣ ಇದೆ. ಆಫ್ರಿಕಾದ ದೇಶಗಳ ಸರ್ಕಾರಿ ಗೆಜೆಟ್‌ಗಳನ್ನು ಒಂದು ಕಡೆ ತಂದು ಇಟ್ಟಿದ್ದಾರೆ. ಲಾಸ್ ಡಾಟ್ ಆಫ್ರಿಕಾ ಅನ್ನುವ ಸಂಸ್ಥೆ ನಡೆಸುವುದು. ದುಡ್ಡಿಲ್ಲ, ಲಾಗಿನ್ ಇಲ್ಲ. ‘ನಿಮ್ಮ ಸಂಸ್ಥೆಯನ್ನು ಆಯ್ಕೆ ಮಾಡಿ’ ಅಂತ ಒಂದು ಪಟ್ಟಿ ಬಂದು ಅದರಲ್ಲಿ ನಮ್ಮ ಹೆಸರೇ ಇರುವುದಿಲ್ಲವಲ್ಲ, ಆ ರಗಳೆಯೂ ಇಲ್ಲ. ದೇಶ ಒತ್ತಿ, ವರ್ಷ ಒತ್ತಿ, ತಾರೀಖು ಒತ್ತಿದರೆ ಪಿಡಿಎಫ್. ಅಷ್ಟೇ.

ಕೆನ್ಯಾದ ಗೆಜೆಟ್ 1899ರಿಂದ ಇದೆ. ಆಗ ಕೆನ್ಯಾ ಅನ್ನುವ ಹೆಸರೇ ಇರಲಿಲ್ಲ, ಈಸ್ಟ್ ಆಫ್ರಿಕಾ ಮತ್ತು ಉಗಾಂಡ ಪ್ರೊಟೆಕ್ಟರೇಟುಗಳ (ಬ್ರಿಟಿಷರ ಹಿಡಿತದಲ್ಲಿದ್ದ ಪ್ರದೇಶಗಳ) ಗೆಜೆಟ್ ಅಂತ ಶುರುವಾಗಿದ್ದು. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರಕ್ಕೆ ರೈಲು ಹಾಕುತ್ತಿದ್ದ ಕಾಲ. 1896ರಿಂದ 1901ರವರೆಗೆ ನಡೆದ ಆ ಕೆಲಸಕ್ಕೆ ಇಲ್ಲಿಂದ ಸುಮಾರು 32,000 ಕೂಲಿಗಳನ್ನು ಕರೆದುಕೊಂಡು ಹೋಗಿದ್ದರು. ಸುಮಾರು 2,500 ಜನ ಅಲ್ಲೇ ಸತ್ತರು. ಈ ಸಂಖ್ಯೆಗಳನ್ನು ಎಲ್ಲ ಪುಸ್ತಕದಲ್ಲೂ ಓದಿದ್ದೆ. ಆದರೆ ಗೆಜೆಟ್ ತೆರೆದಾಗ ಆಗುವ ಅನುಭವವೇ ಬೇರೆ. ಅಲ್ಲಿ ಕಥೆ ಇಲ್ಲ. ನೇಮಕ, ವರ್ಗಾವಣೆ, ನಾಯಿ ಲೈಸೆನ್ಸು, ಜಮೀನು ಹರಾಜು, ಕಳೆದುಹೋದ ಹಕ್ಕುಪತ್ರ. ಸತ್ತವರ ಆಸ್ತಿಗೆ ಯಾರಾದರೂ ತಕರಾರು ಇದ್ದರೆ ಇಷ್ಟು ದಿನದೊಳಗೆ ಬನ್ನಿ ಅನ್ನುವ ನೋಟಿಸು. ಆ ನೋಟಿಸುಗಳ ತುಂಬ ಗುಜರಾತಿ ಹೆಸರು, ಪಂಜಾಬಿ ಹೆಸರು. ನಮ್ಮ ತಾಲೂಕು ಆಫೀಸಿನ ನೋಟಿಸ್ ಬೋರ್ಡನ್ನು ನೂರು ವರ್ಷ ಯಾರೂ ಕೀಳದೆ ಇಟ್ಟರೆ ಹೇಗಿರುತ್ತೆ? ಹಾಗೆ.

ರಾತ್ರಿ ಊಟ ಆದಮೇಲೆ ಸುಮ್ನೆ ಒಂದು ವರ್ಷ ತೆರೆದು ಓದುವ ಚಟ ಹತ್ತಿದೆ. ಅವ್ವ ಒಂದು ದಿನ ಹಿಂದೆ ಬಂದು ನಿಂತಳು.

‘ಏನವ್ವ ಅದು, ಕೋರ್ಟು ಕಾಗದ ಇದ್ದಂಗದೆ?’

‘ಕೆನ್ಯಾ ಗೆಜೆಟ್ ಕಣವ್ವ. ರಾಗಿ ವಿಷ್ಯ ಹುಡುಕ್ತಿದೀನಿ.’

‘ರಾಗಿ ವಿಷ್ಯಕ್ಕೆ ಅಷ್ಟು ದೂರ ಹೋಗಬೇಕಾ? ನನ್ನ ಕೇಳಿದ್ರೆ ಹೇಳ್ತಿರ್ನಿಲ್ವಾ?’

ಅವಳು ಹೇಳಿದ್ದರಲ್ಲೂ ತಪ್ಪಿರಲಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಗೆಜೆಟ್ ತಾಣದ ಕೊರತೆ ಏನೆಂದರೆ ಎಲ್ಲ ದೇಶ ಒಂದೇ ಸಮ ಇಲ್ಲ. ಕೆನ್ಯಾ, ದಕ್ಷಿಣ ಆಫ್ರಿಕಾ ತುಂಬಿ ತುಳುಕುತ್ತವೆ. ಕೆಲವು ದೇಶಗಳಲ್ಲಿ ವರ್ಷಗಳೇ ಕಾಣೆ. ಒಂದು ಸಂಚಿಕೆ ಕಾಣಲಿಲ್ಲ ಅಂದರೆ ಅದು ಬರಲೇ ಇಲ್ಲ ಅಂತ ಅರ್ಥ ಅಲ್ಲ. ಯಾರೂ ಇನ್ನೂ ಸ್ಕ್ಯಾನ್ ಮಾಡಿಲ್ಲ ಅಂತ ಅರ್ಥ. ಇದನ್ನು ಮರೆತು ನಾನು ಒಂದು ಅಧ್ಯಾಯದಲ್ಲಿ ‘ಈ ವರ್ಷ ಸರ್ಕಾರ ಏನೂ ಆದೇಶ ಹೊರಡಿಸಲಿಲ್ಲ’ ಅಂತ ಬರೆದುಬಿಟ್ಟಿದ್ದೆ. ನಮ್ಮ ಗೈಡ್ ಮೇಡಂ ಪೆನ್ಸಿಲಿನಲ್ಲಿ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೊಟ್ಟರು. ಆ ಚಿಹ್ನೆ ಅಳಿಸಲು ನನಗೆ ಮೂರು ವಾರ ಬೇಕಾಯಿತು.

ಕೆನ್ಯಾದ್ದೇ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಗೂಗಲ್ ಬುಕ್ಸ್‌ನಲ್ಲಿ ಕೆನ್ಯಾ ಗೆಜೆಟ್‌ನ ಹಳೇ ಸಂಚಿಕೆಗಳು ಪೂರ್ತಿ ಓದಲು ಸಿಗುತ್ತವೆ. ಅಲ್ಲಿನ ಪಾರ್ಲಿಮೆಂಟಿನ ಚರ್ಚೆಗಳೂ ಇವೆ. ಒಳಗಿನ ಪದ ಹಾಕಿ ಹುಡುಕಬಹುದು ಅನ್ನುವುದೇ ಇದರ ಬಲ. ನಾನು ಮಾಡುವುದು ಹೀಗೆ: ಪದವನ್ನು ಗೂಗಲ್ ಬುಕ್ಸ್‌ನಲ್ಲಿ ಹುಡುಕುತ್ತೇನೆ, ತಾರೀಖು ಬರೆದುಕೊಳ್ಳುತ್ತೇನೆ, ಆಮೇಲೆ ಗೆಜೆಟ್ ತಾಣಕ್ಕೆ ಹೋಗಿ ಅದೇ ತಾರೀಖಿನ ಸಂಚಿಕೆ ಪೂರ್ತಿ ಇಳಿಸಿಕೊಳ್ಳುತ್ತೇನೆ. ಒಂದೇ ಪುಟ ಇಟ್ಟುಕೊಂಡರೆ ಸಾಲದು. ಹಿಂದೆ ಮುಂದೆ ಏನಿತ್ತು ಅಂತ ನೋಡಬೇಕು. ಸಂಪುಟದ ನಂಬರು, ನೋಟಿಸಿನ ನಂಬರು, ತಾರೀಖು ಮೂರನ್ನೂ ಬರೆದುಕೊಳ್ಳಬೇಕು. ಕೆನ್ಯಾ ಗೆಜೆಟ್ ಶುಕ್ರವಾರದ ಪತ್ರಿಕೆ. ನಿಮ್ಮ ಬಳಿ ಇರುವ ಈಚಿನ ಸಂಚಿಕೆಯ ತಾರೀಖು ಮಂಗಳವಾರ ಬಂದರೆ ಒಂದೋ ಅದು ವಿಶೇಷ ಸಂಚಿಕೆ, ಇಲ್ಲವೇ ನೀವು ತಪ್ಪು ಬರೆದುಕೊಂಡಿದ್ದೀರಿ. ನನ್ನ ವಿಷಯದಲ್ಲಿ ಸಾಮಾನ್ಯವಾಗಿ ಎರಡನೆಯದು.

ಈಗ ಪದದ ಕಥೆ. ಇದು ಯಾವ ತಾಣದ ತಪ್ಪೂ ಅಲ್ಲ. ಆದರೆ ಇದು ಗೊತ್ತಿಲ್ಲದಿದ್ದರೆ ಯಾವ ತಾಣವೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲ ಒಂದು ತಿಂಗಳು ನಾನು ರಾಗಿಯ ಇಂಗ್ಲಿಷ್ ಹೆಸರು ‘ಫಿಂಗರ್ ಮಿಲೆಟ್’ ಅಂತ ಹುಡುಕಿದೆ. ಅಲ್ಲೊಂದು ಇಲ್ಲೊಂದು ಸಿಕ್ಕಿತು. ಉಗಾಂಡದವರು ರಾಗಿ ತಿನ್ನುತ್ತಲೇ ಇರಲಿಲ್ಲವೇನೋ ಅನ್ನಿಸಿಬಿಟ್ಟಿತ್ತು. ಆಮೇಲೆ ಗೊತ್ತಾಯಿತು. ಉಗಾಂಡದ ಇಂಗ್ಲಿಷ್ ಅಧಿಕಾರಿಗಳು ಅದನ್ನು ಸಸ್ಯಶಾಸ್ತ್ರದ ಹೆಸರಿನಲ್ಲೇ ಕರೆಯುತ್ತಿದ್ದರು: ‘ಇಲೂಸೈನ್’. ಎಲೂಸಿನೆ ಕೊರಕಾನಾ ಅನ್ನುವುದರ ಮೊದಲರ್ಧ. ಕೆನ್ಯಾದ ಕಾಗದಗಳಲ್ಲಿ ‘ವಿಂಬಿ’. ಸ್ವಾಹಿಲಿಯಲ್ಲೇ ಇನ್ನೊಂದು ಹೆಸರು ‘ಉಲೆಜಿ’. ಲುಗಾಂಡದಲ್ಲಿ ‘ಬುಲೊ’. ಜಿಂಬಾಬ್ವೆಯ ಹಳೇ ಕಾಗದದಲ್ಲಿ ‘ರಪೋಕೊ’. ಇಥಿಯೋಪಿಯಾದಲ್ಲಿ ‘ದಗುಸಾ’. ಇಲೂಸೈನ್ ಅಂತ ಹಾಕಿದ ದಿನ ಕಣಜದ ಬಾಗಿಲು ತೆಗೆದಂತಾಯಿತು. ಬೆಲೆ, ಸಾಗಣೆ, ಬರಗಾಲ, ಎಲ್ಲದರಲ್ಲೂ ರಾಗಿ.

ವಿಂಬಿಯದ್ದು ಬೇರೆಯೇ ಗೋಳು. ಸ್ವಾಹಿಲಿಯಲ್ಲಿ ‘ವಿಂಬಿ’ ಅಂದರೆ ಅಲೆ ಅಂತಲೂ ಅರ್ಥ. ಸ್ವಾಹಿಲಿ ಸುದ್ದಿಗಳಲ್ಲಿ ವಿಂಬಿ ಅಂತ ಹುಡುಕಿದರೆ ಕೊರೊನಾ ಮೂರನೇ ಅಲೆ, ಬಿಸಿಗಾಳಿಯ ಅಲೆ, ಕಳ್ಳತನದ ಅಲೆ. ರಾಗಿ ಎಲ್ಲೋ ತಳದಲ್ಲಿ. ಸರಿ, ಉಲೆಜಿ ಹಾಕೋಣ ಅಂದರೆ ಅದಕ್ಕೆ ಮಕ್ಕಳನ್ನು ಸಾಕುವುದು, ಪಾಲನೆ ಅಂತಲೂ ಅರ್ಥ. ತಾಯಂದಿರಿಗೆ ಸಲಹೆ ಕೊಡುವ ನೂರಾರು ಲೇಖನ ಬಂದವು. ನಗು ಬಂತು. ಆದರೆ ನಮ್ಮದೇನು ಕಡಿಮೆಯಾ? ಕನ್ನಡ ಪೇಪರುಗಳಲ್ಲಿ ‘ರಾಗಿ’ ಅಂತ ಹುಡುಕಿ ನೋಡಿ. ‘ಅಧ್ಯಕ್ಷರಾಗಿ’, ‘ಸಚಿವರಾಗಿ’, ‘ನೂತನ ನಿರ್ದೇಶಕರಾಗಿ’. ಇಡೀ ರಾಜ್ಯದ ಅಧಿಕಾರ ಹಂಚಿಕೆ ಕಣ್ಣ ಮುಂದೆ ಬರುತ್ತದೆ, ಒಂದು ಹಿಡಿ ಹಿಟ್ಟು ಸಿಗುವುದಿಲ್ಲ. ಹಾಗಾಗಿ ಪದದ ಜೊತೆ ಇನ್ನೊಂದು ಪದ ಕಟ್ಟಿ ಹುಡುಕುವುದು ಅಭ್ಯಾಸ ಮಾಡಿಕೊಂಡೆ. ವಿಂಬಿ ಮತ್ತು ಮೂಟೆ. ವಿಂಬಿ ಮತ್ತು ಬೆಲೆ. ವಿಂಬಿ ಮತ್ತು ಮೆಕ್ಕೆಜೋಳ. ಸರ್ಕಾರ ರಾಗಿಯನ್ನು ಒಂಟಿಯಾಗಿ ನೆನೆಯುವುದು ಕಡಿಮೆ, ಯಾವಾಗಲೂ ಮೆಕ್ಕೆಜೋಳದ ಬಾಲಕ್ಕೆ ಕಟ್ಟಿರುತ್ತದೆ.

ಹಳೇ ಅಚ್ಚು ಇನ್ನೊಂದು ತೊಂದರೆ. ಸ್ಕ್ಯಾನ್ ಮಾಡಿದ ಪುಟವನ್ನು ಕಂಪ್ಯೂಟರ್ ಓದುವಾಗ ‘ಬಿ’ ಹೋಗಿ ‘ಹಿ’ ಆಗಿರುತ್ತದೆ. ಮಸಿ ಹರಡಿದ ಕಡೆ ಏನೇನೋ ಓದುತ್ತದೆ. ಹುಡುಕಿ ಸಿಗದಿದ್ದರೆ ಬೆರಳಿನಲ್ಲಿ ಪುಟ ತಿರುವಿದಂತೆ ಒಂದೊಂದೇ ಪುಟ ನೋಡುವುದು. ಬೇರೆ ದಾರಿ ಇಲ್ಲ.

ಇನ್ನು ಪೇಪರುಗಳು. ಇಲ್ಲಿ ನಾನು ಸ್ವಲ್ಪ ಕಟುವಾಗಿ ಮಾತಾಡಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಇವತ್ತಿನ ಸುದ್ದಿಗೆ ‘ಆಲ್‌ಆಫ್ರಿಕಾ’ ಸಾಕು. 1973ರಲ್ಲಿ ಅಮೆರಿಕದ ಡರ್ಹಮ್‌ನಲ್ಲಿ ಆಫ್ರಿಕಾ ನ್ಯೂಸ್ ಸರ್ವಿಸ್ ಅಂತ ಶುರುವಾದದ್ದು ಆಮೇಲೆ ಈ ಹೆಸರಿನಲ್ಲಿ ವೆಬ್‌ಸೈಟ್ ಆಯಿತು. ನೂರಕ್ಕೂ ಹೆಚ್ಚು ಆಫ್ರಿಕನ್ ಸುದ್ದಿ ಸಂಸ್ಥೆಗಳ ವರದಿಗಳು ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಒಂದೇ ಕಡೆ ಬರುತ್ತವೆ. ದೇಶದ ಪ್ರಕಾರ, ವಿಷಯದ ಪ್ರಕಾರ ನೋಡಬಹುದು. ಹಳೇದಕ್ಕೆ ಚಂದಾ ಕಟ್ಟಬೇಕು. ಕಟ್ಟಿದರೂ 1990ರ ದಶಕಕ್ಕಿಂತ ಹಿಂದೆ ಹೋಗುವುದಿಲ್ಲ. ನನ್ನ 1972ರ ಪರೀಕ್ಷೆಯಲ್ಲಿ ಇದು ಫೇಲು. ಆದರೆ ಅದು ಪರೀಕ್ಷೆಗೆ ಕೂತಿದ್ದೇ ತಪ್ಪು. ಅದರ ಕೆಲಸ ಬೇರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿದಾಗ ಆಫ್ರಿಕಾದ ಪೇಪರುಗಳು ರಾಗಿ ಬಗ್ಗೆ ಏನು ಬರೆದವು ಅಂತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲ. ಒಂದು ಎಚ್ಚರಿಕೆ: ಅಲ್ಲಿ ಸರ್ಕಾರದ ಪತ್ರಿಕಾ ಪ್ರಕಟಣೆಗಳೂ ಸುದ್ದಿಯ ಪಕ್ಕದಲ್ಲೇ ಕೂತಿರುತ್ತವೆ. ಮೇಲೆ ಯಾರ ಹೆಸರಿದೆ ಅಂತ ನೋಡಿ ಓದಬೇಕು.

ಉಗಾಂಡಕ್ಕಾದರೆ ನೇರವಾಗಿ ‘ನ್ಯೂ ವಿಷನ್’ ಮತ್ತು ‘ಮಾನಿಟರ್’. ಮೊದಲನೆಯದು 1986ರಲ್ಲಿ ಶುರುವಾದ, ಸರ್ಕಾರದ ಪಾಲಿರುವ ಪತ್ರಿಕೆ. ಎರಡನೆಯದು 1992ರದ್ದು, ಖಾಸಗಿ. ಒಂದೇ ಬರಗಾಲದ ಬಗ್ಗೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ನಮ್ಮೂರಿನ ಎರಡು ಪಕ್ಷದವರ ಭಾಷಣ ಕೇಳಿದಂತಿರುತ್ತದೆ. ನ್ಯೂ ವಿಷನ್‌ನವರೇ ಪೂರ್ವ ಉಗಾಂಡದ ಟೆಸೊ ಭಾಷೆಯಲ್ಲಿ ‘ಎಟೋಪ್’ ಅನ್ನುವ ಪತ್ರಿಕೆ ಮಾಡುತ್ತಿದ್ದರು. ಇದನ್ನು ಹೇಳಿಕೊಟ್ಟದ್ದು ಮೈಸೂರಿನಲ್ಲಿ ಓದುತ್ತಿದ್ದ ಟೆಸೊ ಕಡೆಯ ಒಬ್ಬ ಹುಡುಗ. ಲೈಬ್ರರಿಯಲ್ಲಿ ನನ್ನ ಪರದೆ ಮೇಲೆ ‘ಇಲೂಸೈನ್’ ಅಂತ ನೋಡಿ, ಇದೇನು ಮೇಡಂ ಅಂತ ಕೇಳಿದ. ರಾಗಿ ಅಂದೆ. ಫೋಟೊ ತೋರಿಸಿದೆ. ಅವನ ಮುಖ ಅರಳಿತು. ಅವರ ಮನೆಯಲ್ಲಿ ಇದರ ಹಿಟ್ಟಿನಿಂದ ‘ಅಟಾಪ್’ ಅನ್ನುವ ಮುದ್ದೆ ಮಾಡುತ್ತಾರಂತೆ. ಇದೇ ರಾಗಿಯಿಂದ ‘ಅಜೋನ್’ ಅನ್ನುವ ಬಿಯರ್ ಮಾಡಿ, ಮಡಕೆಯ ಸುತ್ತ ಕೂತು ಉದ್ದುದ್ದ ಕೊಳವೆಯಲ್ಲಿ ಹೀರುತ್ತಾರಂತೆ. ಅವನನ್ನು ಮಂಡ್ಯಕ್ಕೆ ಕರೆದುಕೊಂಡು ಬಂದು ಮುದ್ದೆ ಹಾಕಿಸಿದೆ. ಅಗಿಯಬೇಡ, ನುಂಗು ಅಂತ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅರ್ಧ ಮುದ್ದೆ ಖಾಲಿ. ಅವ್ವನಿಗೆ ಅವನ ಮೇಲೆ ನನಗಿಂತ ಅಭಿಮಾನ. ಈ ಸೇವೆಗೆ ಹತ್ತಕ್ಕೆ ಹತ್ತು. ಯಾವ ಡೇಟಾಬೇಸೂ ಇಂಥ ಹುಡುಗನಿಗೆ ಸಮ ಇಲ್ಲ.

ಹಳೇ ಪೇಪರುಗಳ ವಿಷಯ ಬಂದರೆ ದುಡ್ಡಿನ ಗೋಡೆ. 1800ರಿಂದ 1922ರವರೆಗಿನ ಆಫ್ರಿಕನ್ ಪತ್ರಿಕೆಗಳ ದೊಡ್ಡ ಸಂಗ್ರಹವನ್ನು ಶಿಕಾಗೋದ ಸೆಂಟರ್ ಫಾರ್ ರಿಸರ್ಚ್ ಲೈಬ್ರರೀಸ್ ಮತ್ತು ರೀಡೆಕ್ಸ್ ಕಂಪನಿ ಸೇರಿ ಡಿಜಿಟಲ್ ಮಾಡಿವೆ. ಚಂದಾ ಕಟ್ಟಿದ ವಿಶ್ವವಿದ್ಯಾಲಯಗಳಿಗೆ ಮಾತ್ರ. ನಮ್ಮಲ್ಲಿ 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಬಂದಿದೆ. ಮೂರು ವರ್ಷಕ್ಕೆ ₹6,000 ಕೋಟಿ, ಸುಮಾರು 13,000 ಜರ್ನಲ್‌ಗಳು. ಒಳ್ಳೆಯದೇ, ನಾನೂ ಬಳಸುತ್ತಿದ್ದೇನೆ. ಆದರೆ ಅದು ಜರ್ನಲ್‌ಗಳ ಯೋಜನೆ. ಇಂಥ ಹಳೇ ಪೇಪರಿನ ಸಂಗ್ರಹ ಅದರಲ್ಲಿ ಬರುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ನಾನು ಒಂದು ಶನಿವಾರ ಪೂರ್ತಿ ಲಾಗಿನ್ ಒತ್ತುತ್ತಾ ಕೂತಿದ್ದೆ.

ಇನ್ನೊಂದು ಕಂಪನಿ, ಹೆಸರು ಬೇಡ. ‘ಉಚಿತ ಟ್ರಯಲ್’ ಅಂತ ಹಾಕಿತ್ತು. ಫಾರಂ ತುಂಬಿದೆ. ನಿಮ್ಮ ಲೈಬ್ರರಿಯ ವಾರ್ಷಿಕ ಬಜೆಟ್ ಎಷ್ಟು ಅಂತ ಮೇಲ್ ಬಂತು. ನನ್ನ ಸಂಬಳ ಬಂದು ಮೂರು ತಿಂಗಳಾಗಿದ್ದ ಸಮಯ ಅದು. ನಾನು ವಿದ್ಯಾರ್ಥಿನಿ, ಹತ್ತು ಪುಟ ಸಾಕು ಅಂತ ಉತ್ತರ ಬರೆದೆ. ಆಮೇಲೆ ಪ್ರತಿ ಸೋಮವಾರ ಅವರ ಮಾರಾಟ ವಿಭಾಗದಿಂದ ‘ಡಿಯರ್ ಪ್ರೊಫೆಸರ್’ ಅಂತ ಮೇಲ್ ಬರುತ್ತಿದೆ. ಹತ್ತು ಪುಟ ಬರಲಿಲ್ಲ. ಪ್ರೊಫೆಸರ್ ಅಂತ ಕರೆಯುವವರು ಅವರೊಬ್ಬರೇ, ಅದಕ್ಕೇ ಅನ್‌ಸಬ್‌ಸ್ಕ್ರೈಬ್ ಮಾಡಿಲ್ಲ.

ಹಾಗಂತ ಪೇಪರು ಬಿಡಬೇಕು ಅಂತಲ್ಲ. ಪತ್ರಿಕೆ ಯಾರದ್ದು ಅಂತ ತಿಳಿದುಕೊಂಡು ಓದುವುದೇ ಒಂದು ಮಜಾ. ‘ಈಸ್ಟ್ ಆಫ್ರಿಕನ್ ಸ್ಟ್ಯಾಂಡರ್ಡ್’ ಅಂದರೆ ಬಿಳಿಯ ಜಮೀನ್ದಾರರ ಪತ್ರಿಕೆ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು 1902ರಲ್ಲಿ ಮೊಂಬಾಸಾದಲ್ಲಿ ಶುರು ಮಾಡಿದವರು ಕರಾಚಿ ಕಡೆಯ ವ್ಯಾಪಾರಿ ಎ.ಎಂ. ಜೀವನ್‌ಜೀ. ರೈಲ್ವೆಗೆ ಜನ, ಸಾಮಾನು ಒದಗಿಸಿದವರು. 1905ರಲ್ಲಿ ಮಾರಿದರು. ಆಮೇಲೆ ಅದರ ದನಿ ಬದಲಾಯಿತು. ಹೀಗಾಗಿ ಅದರ ಯಾವ ತುಣುಕು ಸಿಕ್ಕರೂ ನಾನು ಮೊದಲು ವರ್ಷ ನೋಡುತ್ತೇನೆ. ಒಂದೇ ಹೆಸರಿನ ಪತ್ರಿಕೆ ಎಲ್ಲ ಕಾಲಕ್ಕೂ ಒಂದೇ ಪತ್ರಿಕೆ ಅಲ್ಲ.

ಬ್ರಿಟಿಷರ ಕಾಗದಗಳು ಇನ್ನೊಂದು ಲೋಕ. ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಪಟ್ಟಿ ಮನೆಯಲ್ಲೇ ನೋಡಬಹುದು. ಕೆನ್ಯಾದ ಪತ್ರವ್ಯವಹಾರದ ಫೈಲುಗಳ ಸರಣಿ ಸಿಒ (ಕಲೋನಿಯಲ್ ಆಫೀಸ್) 533, ಉಗಾಂಡಕ್ಕೆ ಸಿಒ 536. ಫೈಲಿನ ಹೆಸರು, ವರ್ಷ ಎಲ್ಲ ಕಾಣುತ್ತದೆ. ಒಳಗಿನ ಕಾಗದ ಮಾತ್ರ ಬಹುಪಾಲು ಅಲ್ಲೇ ಹೋಗಿ ನೋಡಬೇಕು, ಇಲ್ಲವೇ ದುಡ್ಡು ಕೊಟ್ಟು ಪ್ರತಿ ತರಿಸಬೇಕು. ಮಿಠಾಯಿ ಅಂಗಡಿಯ ಗಾಜಿಗೆ ಮೂಗು ಒತ್ತಿಕೊಂಡು ನಿಂತ ಹಾಗೆ. ಆದರೂ ಪಟ್ಟಿ ಓದುವುದರಲ್ಲೇ ಅರ್ಧ ಕೆಲಸ ಆಗುತ್ತದೆ. ಎಫ್‌ಸಿಒ 141 ಅನ್ನುವ ಸರಣಿಯ ಕಥೆಯಂತೂ ಪತ್ತೇದಾರಿ ಕಾದಂಬರಿ. ವಸಾಹತುಗಳನ್ನು ಬಿಟ್ಟು ಬರುವಾಗ ಕದ್ದು ತಂದು ಇಟ್ಟುಕೊಂಡ ಫೈಲುಗಳು. ಬ್ರಿಟಿಷರ ವಿರುದ್ಧ ನಡೆದ ಮಾವ್ ಮಾವ್ ಹೋರಾಟದಲ್ಲಿ ಹಿಂಸೆಗೆ ಒಳಗಾದ ಕೆನ್ಯಾದ ಮುದುಕರು ಲಂಡನ್ ಕೋರ್ಟಿಗೆ ಹೋದಾಗ, 2011ರಲ್ಲಿ ಇವು ಹ್ಯಾನ್ಸ್‌ಲೋಪ್ ಪಾರ್ಕ್ ಅನ್ನುವ ಜಾಗದಲ್ಲಿ ಇವೆ ಅಂತ ಸರ್ಕಾರ ಒಪ್ಪಿಕೊಳ್ಳಬೇಕಾಯಿತು. 2012ರಿಂದ ಕಂತು ಕಂತಾಗಿ ಹೊರಗೆ ಬಿಟ್ಟರು.

ಪುಕ್ಕಟೆ ಸಿಗುವುದರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಚರ್ಚೆಗಳ ದಾಖಲೆ ಹ್ಯಾನ್ಸರ್ಡ್ ಒಂದನೇ ನಂಬರು. 1803ರಿಂದ 2005ರವರೆಗಿನ ಚರ್ಚೆ ಸಲೀಸಾಗಿ ತೆರೆಯುತ್ತದೆ, ನಿಧಾನ ನೆಟ್ಟಿನಲ್ಲೂ. ಬರೀ ಅಕ್ಷರ, ಚಿತ್ರ ಇಲ್ಲ. 1972ರ ಆಗಸ್ಟ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್. ರಾಗಿಯಲ್ಲಿ ಬರೀ ಜಸ್ಟ್ ಪಾಸು. ರಾಗಿ ಹುಡುಕಲು ಹೋಗಿ ನಾನು ಕಡಲೆಕಾಯಿಗೆ ಸಿಕ್ಕಿಹಾಕಿಕೊಂಡೆ. ಎರಡನೇ ಮಹಾಯುದ್ಧ ಆದಮೇಲೆ ಎಣ್ಣೆಗೆ ಬರ ಬಂತು ಅಂತ ಟಾಂಗನಿಕಾದಲ್ಲಿ (ಈಗಿನ ಟಾಂಜಾನಿಯ) ಕಡಲೆಕಾಯಿ ಬೆಳೆಯಲು ಹೊರಟಿದ್ದರು. ಮಳೆ ಎಷ್ಟು, ಮಣ್ಣು ಎಂಥದ್ದು ಸರಿಯಾಗಿ ನೋಡಲಿಲ್ಲ. ಟ್ರಾಕ್ಟರುಗಳು ಕೆಟ್ಟು ನಿಂತವು. 1951ರಲ್ಲಿ ಕೈಬಿಟ್ಟರು. ಆ ಚರ್ಚೆಗಳಲ್ಲಿ ವಿರೋಧ ಪಕ್ಷದವರು ಮಂತ್ರಿಯನ್ನು ಹುರಿಯುವುದನ್ನು ಓದುತ್ತಾ ಎರಡು ರಾತ್ರಿ ಕಳೆದೆ. ಪಿಎಚ್‌.ಡಿ.ಗೆ ಕವಡೆಯಷ್ಟೂ ಉಪಯೋಗ ಇಲ್ಲ. ಅಪ್ಪನಿಗೆ ಹೇಳಿದೆ. ‘ಮಣ್ಣು ನೋಡದೆ ಕಡ್ಲೆಕಾಯಿ ಹಾಕೋರು ಎಲ್ಲಾ ಕಡೆ ಅವರೆ’ ಅಂದರು.

ವಸಾಹತುಗಳ ವಾರ್ಷಿಕ ವರದಿಗಳು ಬೇಕಾದರೆ ಇಲಿನಾಯ್ ವಿಶ್ವವಿದ್ಯಾಲಯದ ಲೈಬ್ರರಿ ಆಫ್ರಿಕಾದ ಬ್ರಿಟಿಷ್ ವಸಾಹತುಗಳದ್ದನ್ನು ಸ್ಕ್ಯಾನ್ ಮಾಡಿ ಬಿಟ್ಟಿದೆ. ಉಗಾಂಡದ್ದೂ ಇದೆ. ಓದಲು ಸುಲಭ, ವರ್ಷಕ್ಕೊಂದು. ಆದರೆ ಇದು ಮೇಲಧಿಕಾರಿಗೆ ಬರೆದ ವರದಿ, ಎಲ್ಲ ಚೆನ್ನಾಗಿದೆ ಅನ್ನುವ ದನಿ. ನಿಜವಾದ ಸರಕು ಇರುವುದು ಕೃಷಿ ಇಲಾಖೆಯ ವರದಿಗಳಲ್ಲಿ. ಅವು ಹಳೇ ಪುಸ್ತಕಗಳ ಸ್ಕ್ಯಾನ್ ಇಡುವ ಅಮೆರಿಕದ ತಾಣ ಹಾಥಿಟ್ರಸ್ಟ್‌ನಲ್ಲಿ ಕಾಣುತ್ತವೆ. ಕಾಣುತ್ತವೆ ಅಷ್ಟೇ. ಕಾಪಿರೈಟ್ ಕಾನೂನಿನ ಲೆಕ್ಕದಲ್ಲಿ ಅಮೆರಿಕದಲ್ಲಿ ಕೂತವರಿಗೆ ತೆರೆಯುವ ಎಷ್ಟೋ ಪುಟಗಳು ನಮಗೆ ‘ಹುಡುಕಲು ಮಾತ್ರ’. ಪದ ಹಾಕಿದರೆ ಪುಟದ ನಂಬರ್ ಹೇಳುತ್ತದೆ, ಪುಟ ತೋರಿಸುವುದಿಲ್ಲ. ಮೊದಲು ಸಿಟ್ಟು ಬರುತ್ತಿತ್ತು. ಈಗ ಆ ನಂಬರ್ ಹಿಡಿದುಕೊಂಡು ಅಲ್ಲಿನ ಲೈಬ್ರರಿಯನ್‌ಗಳಿಗೆ ಮೇಲ್ ಬರೆಯುತ್ತೇನೆ. ‘ನಿಮ್ಮಲ್ಲಿರುವ ಎಲ್ಲ ಕಳಿಸಿ’ ಅಂದರೆ ಯಾರೂ ಕಳಿಸುವುದಿಲ್ಲ. ‘ಈ ವರದಿ, ಈ ವರ್ಷ, ಈ ಎರಡು ಪುಟ’ ಅಂದರೆ ಕಳಿಸುತ್ತಾರೆ. ಐದು ಮೇಲ್ ಬರೆದಿದ್ದೇನೆ, ನಾಲ್ಕಕ್ಕೆ ಉತ್ತರ ಬಂದಿದೆ.

ಆ ಪುಟಗಳಲ್ಲಿ ಒಂದನ್ನು ಓದಿ ಅವ್ವನಿಗೆ ಹೇಳಿದ್ದು ಇನ್ನೂ ನೆನಪಿದೆ. ಬರಗಾಲಕ್ಕೆ ಅಂತ ಪ್ರತಿ ಮನೆಯವರೂ ಕಣಜದಲ್ಲಿ ರಾಗಿ ಕೂಡಿಡಬೇಕು ಅನ್ನುವ ಮಾತು ಅದರಲ್ಲಿತ್ತು. ಬೇರೆ ಕಾಳಿಗೆ ಹುಳ ಬೀಳುತ್ತದೆ, ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ ಅನ್ನುವ ಕಾರಣ. ಅವ್ವ ತಕ್ಷಣ, ‘ಹಗೇವು’ ಅಂದಳು. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ ಬಾಯಿ ಮುಚ್ಚುವುದು. ತೆಗೆದ ದಿನ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಇರುತ್ತದೆ, ದೀಪ ಬಿಟ್ಟು ನೋಡಬೇಕು ಅಂತ ಅವಳ ತಾತ ಹೇಳುತ್ತಿದ್ದದ್ದನ್ನೆಲ್ಲ ಹೇಳಿದಳು. ಅಧಿಕಾರಿಯ ವರದಿಯಲ್ಲಿ ಎಷ್ಟು ಕಣಜ ಅಂತ ಲೆಕ್ಕ ಇತ್ತು. ಕಣಜ ತೆಗೆಯುವುದು ಹೇಗೆ ಅಂತ ಇರಲಿಲ್ಲ. ನನ್ನ ಕೇಳಿದ್ರೆ ಹೇಳ್ತಿರ್ನಿಲ್ವಾ ಅಂದಿದ್ದಳಲ್ಲ, ಅದನ್ನೀಗ ಥೀಸಿಸ್ಸಿನ ಅಡಿಟಿಪ್ಪಣಿಗೆ ಹಾಕಿದ್ದೇನೆ.

ಕೊನೆಗೆ ನಮ್ಮ ದೇಶದ್ದೇ ತಾಣಗಳು. ಆಫ್ರಿಕಾ ಓದುವವರು ಇವನ್ನು ಯಾಕೋ ಮೂಸಿಯೂ ನೋಡುವುದಿಲ್ಲ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ನಲ್ಲಿ ವಲಸೆ ವಿಭಾಗದ ಹಳೇ ಫೈಲುಗಳಿವೆ. ಮೊಂಬಾಸಾಗೆ ಹೋದ ಕೂಲಿಗಳ ಕರಾರು, ದೂರು ಎಲ್ಲ ಅದರ ಸುತ್ತಮುತ್ತ. ಹುಡುಕುವ ವ್ಯವಸ್ಥೆಗೆ ತಾಳ್ಮೆ ಬೇಕು. ಜಾಂಜಿಬಾರ್ ಅಂತ ಒಂದು ಸ್ಪೆಲ್ಲಿಂಗಿನಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಸಿಗುತ್ತದೆ. ಲೋಕಸಭೆ, ರಾಜ್ಯಸಭೆ ಚರ್ಚೆಗಳೂ ಆನ್‌ಲೈನಿನಲ್ಲಿವೆ. 1972ರಲ್ಲಿ ಉಗಾಂಡದವರ ಬಗ್ಗೆ ಲಂಡನ್ನಿನಲ್ಲಿ ಏನು ಮಾತಾಡಿದರು, ದೆಹಲಿಯಲ್ಲಿ ಏನು ಮಾತಾಡಿದರು ಅಂತ ಅಕ್ಕಪಕ್ಕ ಇಟ್ಟು ಓದಬಹುದು. ದಕ್ಷಿಣ ಆಫ್ರಿಕಾ ಓದುವವರಿಗಂತೂ ಹಬ್ಬ. ಗಾಂಧಿಯಿಂದಾಗಿ 1903ರಲ್ಲಿ ಡರ್ಬನ್‌ನಲ್ಲಿ ಶುರುವಾದ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಸಂಚಿಕೆಗಳು ಸಾಬರಮತಿ ಆಶ್ರಮದ ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಪುಟಪುಟವಾಗಿ ಇವೆ. ಪುಕ್ಕಟೆ. ಸಾವಿರಾರು ಡಾಲರ್ ಕಟ್ಟಿ ನೋಡುವ ಸಂಗ್ರಹಗಳಿಗಿಂತ ಇದರ ಸ್ಕ್ಯಾನ್ ಎಷ್ಟೋ ಮೇಲು.

ಓದಿದ್ದನ್ನು ಕಾಗದದ ಮೇಲೆ ನೋಡದಿದ್ದರೆ ನನಗೆ ತಲೆಗೆ ಹತ್ತುವುದಿಲ್ಲ. ಸರಸ್ವತೀಪುರಂನಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಗೆಜೆಟ್ ಪುಟ ಎ4ಗೆ ಇಳಿಸಿದರೆ ಅಕ್ಷರ ಇರುವೆ ಸಾಲು. ಅಲ್ಲಿನ ಅಣ್ಣ ಒಂದು ಸಲ ನೋಡಿ, ‘ಮೇಡಂ, ಇದು ಲೀಗಲ್ ಸೈಜಲ್ಲೇ ತೆಗೀಬೇಕು, ಅಂಚು ಕತ್ತರಿಸ್ಕೊಡ್ತೀನಿ’ ಅಂದರು. ಅವತ್ತಿನಿಂದ ಅವರೇ ನನ್ನ ಪ್ರಕಾಶಕರು. ಹಿಂದಿನ ವಾರ ಪ್ರಿಂಟ್ ಬರುವಾಗ ಒಂದು ಪುಟ ಎತ್ತಿ ಓದಿ, ‘ಇದ್ಯಾರು ಪಟೇಲ್, 1931ರಲ್ಲಿ ಹಕ್ಕುಪತ್ರ ಕಳ್ಕೊಂಡಿದಾರೆ. ಸಿಕ್ತಾ?’ ಅಂತ ಕೇಳಿದರು. ಸಿಕ್ಕಿತೋ ಇಲ್ಲವೋ, ಮುಂದಿನ ಸಂಚಿಕೆಗಳಲ್ಲಿ ನೋಡಿ ಹೇಳುತ್ತೇನೆ ಅಂದಿದ್ದೇನೆ.

ಒಂದು ಕೊನೆಯ ಮಾತು, ಡೌನ್‌ಲೋಡ್ ಮಾಡುವವರಿಗೆ. ರಾತ್ರಿ ಹನ್ನೊಂದರ ಮೇಲೆ ಇಳಿಸಿಕೊಳ್ಳಿ, ಸಂಜೆ ಹೊತ್ತು ನಮ್ಮ ಕಡೆ ನೆಟ್ಟು ಇರುವುದಿಲ್ಲ. ಇಳಿದ ತಕ್ಷಣ ಫೈಲಿಗೆ ಹೆಸರಿಡಿ: ದೇಶ, ವರ್ಷ, ತಿಂಗಳು, ತಾರೀಖು, ನೋಟಿಸ್ ನಂಬರು. ನಾನು ಮೊದಲ ಆರು ತಿಂಗಳು ಇಡಲಿಲ್ಲ. ಮೊದಲ ಪುಟ ಹರಿದುಹೋದ ಒಂದು ಗೆಜೆಟ್ ನನ್ನ ಲ್ಯಾಪ್‌ಟಾಪಿನಲ್ಲಿದೆ. ಹನ್ನೆರಡನೇ ಪುಟದಲ್ಲಿ ಇಲೂಸೈನ್ ಬಗ್ಗೆ ನಾನು ಎರಡು ವರ್ಷದಿಂದ ಹುಡುಕುತ್ತಿದ್ದ ಮಾತೇ ಇದೆ. ಫೈಲಿನ ಹೆಸರು ‘ಡೌನ್‌ಲೋಡ್ 47’.